ಇತರೆ, ವಿವರಿಸಿ

ಹಾಸನದ ಹೊಸ ಬಸ್‌ಸ್ಟ್ಯಾಂಡು, ಏಳನೇ ಅಂಕಣ,
ಬೆಳಗ್ಗೆ ಒಂಬತ್ತೂಕಾಲು.
ಕೊರಳಲ್ಲಿ ಹೇಮಗಂಗೋತ್ರಿಯ ಗುರುತಿನ ಚೀಟಿ,
ರಟ್ಟಿಗೆ ಸಿಕ್ಕಿಸಿದ ಮೂವತ್ತೆರಡು ಪ್ರಶ್ನೆ,
ದಾರ ಕಟ್ಟಿದ ಪೆನ್ನು.
ನೂರೈವತ್ತು ಹೆಂಗಸರು ಬೇಕು ನನಗೆ.
ಸಿಕ್ಕವರು ನೂರಾ ಹನ್ನೊಂದು.

ನೂರಾ ಹನ್ನೆರಡನೆಯವರು
ಕಡಲೆಕಾಯಿ ಸುಲಿಯುತ್ತ ಕೂತಿದ್ದರು.
ಹೆಸರು ಕೇಳಲಿಲ್ಲ ನಾನು,
ಕೇಳಬಾರದು, ನಿಯಮ.
ಅವರೇ ಅಂದರು: ಜವನಮ್ಮ. ಬರ್ಕೊ.
ಬರೆಯಲು ಜಾಗವಿಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ,
ಆಮೇಲೆ ಅಳಿಸಬಹುದು ಅಂತ.

ವಯಸ್ಸು?
ನಿಮ್ಮಜ್ಜಿಗಿಂತ ಕಮ್ಮಿ, ನಿಮ್ಮವ್ವನಿಗಿಂತ ಜಾಸ್ತಿ.
ಕೆಲಸ?
ಇದ್ದಾಗ ಐತೆ.
ವಾರಕ್ಕೆ ಎಷ್ಟು ಸಲ ಬಸ್ಸು?
ಮಂಗಳವಾರ ಒಂದ್ಸಲ ಹೋಯ್ತೀನಿ, ಒಂದ್ಸಲ ಬತ್ತೀನಿ.

ಪ್ರಶ್ನೆ ಹದಿನೇಳು. ಪ್ರಯಾಣದ ಉದ್ದೇಶ.
ಕೂಲಿಯೋ? ಅಲ್ಲ.
ಆಸ್ಪತ್ರೆಯೋ? ಬಿಡ್ತು ಅನ್ನು.
ಸಂತೆ, ನೆಂಟರು, ದೇವರು?
ಒಂದೂ ಅಲ್ಲ ಕಣವ್ವ.
ಹೊಳೆನರಸೀಪುರಕ್ಕೆ ಹೋಯ್ತೀನಿ,
ಸೇತುವೆ ತಾವ ಇಳೀತೀನಿ,
ಹೊಳೆ ನೋಡ್ತೀನಿ.
ಆಮೇಲೆ?
ಆಮೇಲೇನು. ಬಿಸಿಲೇರ್ತದೆ. ಬತ್ತೀನಿ.

‘ಇತರೆ, ವಿವರಿಸಿ’ ಎಂಬುದರ ಮುಂದೆ
ಎರಡಿಂಚು ಚುಕ್ಕಿಸಾಲು.
ಹೊಳೆ ಅಂತ ಬರೆದೆ.
ಇನ್ನೂ ಒಂದೂಮುಕ್ಕಾಲು ಇಂಚು ಉಳಿಯಿತು.

ಹದಿನೆಂಟನೆಯದು ನನ್ನ ಮೆಚ್ಚಿನ ಪ್ರಶ್ನೆ,
ಇಡೀ ಪ್ರಬಂಧ ನಿಂತಿರುವುದೇ ಅದರ ಮೇಲೆ:
ಟಿಕೆಟ್ಟಿಗೆ ದುಡ್ಡು ಕೊಡಬೇಕಾಗಿದ್ದರೆ
ಹೆಚ್ಚೆಂದರೆ ಎಷ್ಟು ಕೊಡುತ್ತಿದ್ದಿರಿ?
ಕೊಡಲೊಪ್ಪುವ ಬೆಲೆ ಮೇಲೆ, ಕೊಟ್ಟ ಬೆಲೆ ಕೆಳಗೆ,
ನಡುವಿನ ತ್ರಿಕೋನಕ್ಕೆ ಅನುಭೋಗಿಯ ಮಿಗುತೆ ಎಂದು ಹೆಸರು.
ಪಾರ್ಶ್ವನಾಥ ಸರ್ ಅದನ್ನು ಬೋರ್ಡಿನ ಮೇಲೆ
ಸೀಮೆಸುಣ್ಣ ಅಡ್ಡ ಹಿಡಿದು ತುಂಬುವಾಗ
ಮೊದಲ ಬೆಂಚಿನವರ ತಲೆ ನರೆಯುತ್ತದೆ.

ಜವನಮ್ಮ ಯೋಚಿಸಿದರು. ನಿಜವಾಗಿ ಯೋಚಿಸಿದರು;
ಅರಸೀಕೆರೆಯ ಎರಡು ಬಸ್ಸು ಹೋದವು.
ಏನೂ ಕೊಡ್ತಿರ್ಲಿಲ್ಲ, ಅಂದರು.
ನಲವತ್ತು ರೂಪಾಯಿ ಕೈಲಿದ್ರೆ
ಹೊಳೆ ನೋಡಕ್ಕೆ ಯಾರವ್ವ ಹೋಯ್ತಾರೆ?

ಸೊನ್ನೆ ಬರೆದೆ.
ಸೊನ್ನೆಯಲ್ಲಿ ಸೊನ್ನೆ ಕಳೆದರೆ ಸೊನ್ನೆ.
ತ್ರಿಕೋನವಿಲ್ಲ, ಸೀಮೆಸುಣ್ಣ ಬೇಕಿಲ್ಲ.
ಲೆಕ್ಕದ ಪ್ರಕಾರ ಈ ಹೆಂಗಸಿಗೆ
ಮಂಗಳವಾರದಿಂದ ಏನೂ ಲಾಭವಿಲ್ಲ.

ಇದನ್ನ ಬರೆಯಕ್ಕೆ ನಿಂಗೆಷ್ಟು ಕೊಡ್ತಾರೆ?
ಏನೂ ಇಲ್ಲಮ್ಮ, ಓದು ಇದು.
ಸ್ಕಾಲರ್‌ಶಿಪ್ಪು ಇನ್ನೂ ಬಂದಿಲ್ಲ.
ಅಂಗಾರೆ ನೀನೂ ಹೊಳೆ ನೋಡಕ್ಕೆ ಬಂದೋಳೇ ಬುಡು,
ಎಂದು ನಕ್ಕು
ಹಿಡಿ ಕಡಲೆಕಾಯಿ ರಟ್ಟಿನ ಮೇಲೆ ಸುರಿದರು.
ಹತ್ತೊಂಬತ್ತು, ಇಪ್ಪತ್ತು ಮುಚ್ಚಿಹೋದವು.

ಅಪ್ಪ ಇದೇ ಸ್ಟ್ಯಾಂಡಿನಲ್ಲಿ ಆಟೊ ಓಡಿಸುತ್ತಾರೆ.
ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲೆ
ಸಂತೇಪೇಟೆಯ ಬಾಡಿಗೆ ತಗ್ಗಿದೆ.
ನನಗೆ ಹೇಳುವುದಿಲ್ಲ ಅವರು;
ಹಳೇ ಡೈರಿಯಲ್ಲಿ ಗೀಚಿಡುತ್ತಾರೆ,
ಗ್ಯಾಸಿಗೆ ಇಷ್ಟು, ಕಂತಿಗೆ ಇಷ್ಟು, ಉಳಿದದ್ದು—
ಅಲ್ಲಿ ಒಂದು ಗೆರೆ.
ಕದ್ದು ಓದುತ್ತೇನೆ ನಾನು.

ನನ್ನ ಪ್ರಬಂಧದಲ್ಲಿ ಅಪ್ಪ ಇದ್ದಾರೆ.
‘ಅಧ್ಯಯನದ ಮಿತಿಗಳು’, ನಾಲ್ಕನೇ ಸಾಲು:
ಇತರ ಸಾರಿಗೆಯ ಮೇಲಿನ ಪರಿಣಾಮವನ್ನು
ಪರಿಗಣಿಸಿಲ್ಲ.
ಬೆಳಗ್ಗೆ ಸಾಲಗಾಮೆ ರಸ್ತೆಯ ಬಸ್ಸನ್ನು
ಅವರ ಆಟೊದ ಮುಂದೆಯೇ ಹತ್ತುತ್ತೇನೆ,
ಸೊನ್ನೆ ರೂಪಾಯಿಯ ಟಿಕೆಟ್ಟು ಹಿಡಿದು.
ಹಿಂದಿನ ಬಾಗಿಲಲ್ಲಿ ಹತ್ತು, ಸೀಟು ಸಿಗ್ತದೆ
ಎಂದು ಕೈಸನ್ನೆ ಮಾಡುತ್ತಾರೆ.

ಸರ್ ಹಾಳೆ ತಿರುವಿದರು, ಕನ್ನಡಕ ಹಣೆಗೇರಿಸಿದರು.
ಇಂಥವು ಒಂದೆರಡು ಬರ್ತವೆ. ಒಂಬತ್ತು ಅಂತ ಕೋಡ್ ಹಾಕು.
ಹಾಕಿದೆ.
ಅಂಚಿನ ಪೆನ್ಸಿಲ್ ಹೆಸರು ಅವರು ನೋಡಲಿಲ್ಲ,
ಅಥವಾ ನೋಡಿದರು.
ಬಾಗಿಲವರೆಗೆ ಹೋದವಳನ್ನು ಕರೆದು,
ಹೊಳೇಲಿ ನೀರಿತ್ತಂತಾ? ಅಂದರು.

ಕೇಳಿರಲಿಲ್ಲ.
ಮೂವತ್ತೆರಡರಲ್ಲಿ ಅದು ಇರಲಿಲ್ಲ.

ಇನ್ನೂ ಮೂವತ್ತೆಂಟು ಹೆಂಗಸರು ಬೇಕು.
ನಾಳೆ ಮಂಗಳವಾರ.