ಇಳಿಯುವ ಕಲಮು

ಕಪನೂರಿನ ದಾಲ್ ಮಿಲ್ಲಿಗೆ
ಹೊಸ ಸರ್ವರ್ ಬಂದು ಮೂರು ದಿನ.
ತೊಗರಿಯ ಧೂಳು ಆಗಲೇ ಅದರ ಮೇಲೂ ಕೂತಿದೆ,
ಧೂಳಿಗೇನು ಗೊತ್ತು, ಯಾರು ಹೊಸಬರು.

ಡಬ್ಬಿಯ ಮೇಲೆ ಇಪ್ಪತ್ತೆರಡು ಅಂತ ಬರೆದಿದೆ.
ಕಾಂಟಾ ಕೋಣೆಯ ಪ್ರೋಗ್ರಾಮು ಮಾತ್ರ
ಹನ್ನೆರಡನ್ನು ಬಿಟ್ಟು ಬೇರೆಯದರ ಮೇಲೆ ಕೂಡಲೊಲ್ಲದು.
ಬರೆದವನು ಸೋಲಾಪುರದವನು. ಫೋನು ಎತ್ತುವುದಿಲ್ಲ.
ಅಂಗಳದಲ್ಲಿ ಹನ್ನೊಂದು ಲಾರಿ.

"ಹೊಸಾದು ತಗೊಂಡು ಹಳೇದು ಹಾಕ್ತೀ ಅಂದ್ರ
ರೊಕ್ಕ ನೀರಾಗ ಹಾಕ್ದಂಗಲ್ಲೇನ್ ಜಗದೇವಿ?"
ಕೋರವಾರ ಸಾಹುಕಾರರು ಕೇಳಿದರು.
ನಾನು ಲೈಸನ್ಸಿನ ಕಾಗದ ಬಿಡಿಸಿ
ಇರುವೆಯಂಥ ಅಕ್ಷರಗಳ ಮೇಲೆ ಬೆರಳಿಟ್ಟು ಓದಿದೆ:

ಇಪ್ಪತ್ತೆರಡನ್ನು ಕೊಂಡವರು
ಹತ್ತೊಂಬತ್ತಕ್ಕೆ ಇಳಿಯಬಹುದು, ಹದಿನಾರಕ್ಕೆ, ಹನ್ನೆರಡಕ್ಕೂ.
ಇಳಿದರೂ ಕಾಗದ ಇಪ್ಪತ್ತೆರಡರದೇ,
ಕೋರ್ ಎಣಿಸುವುದೂ ಹೊಸ ಲೆಕ್ಕದಲ್ಲೇ.
ಬೇಕೆಂದ ದಿನ, ಮತ್ತೆ ಒಂದು ರೂಪಾಯಿ ಕೊಡದೆ
ಮೇಲೆ ಹತ್ತಬಹುದು.
ಒಂದೇ ಲೈಸನ್ಸಿನಲ್ಲಿ ಎರಡೂ ಮೆಟ್ಟಿಲ ಮೇಲೆ ನಿಲ್ಲುವಂತಿಲ್ಲ.

"ಹನ್ನೆರಡು ಕೊಂಡಾಂವ ಇಪ್ಪತ್ತೆರಡು ಹಾಕ್ಬಹುದೇನು?"
"ಅದಿಲ್ರೀ. ಇಳೀಲಾಕ ಹಕ್ಕು. ಏರ್ಲಾಕ ರೊಕ್ಕ."
ಸಾಹುಕಾರರು ನಕ್ಕರು.
ಈ ಕಾನೂನು ಅವರಿಗೆ ಹೊಸದಲ್ಲ.

ಇನ್ನೊಂದು ಮಾತಿತ್ತು, ಎಲ್ಲಕ್ಕಿಂತ ಕೆಳಗೆ:
ಹಳೆಯ ಡಿಸ್ಕು ನಾವು ಕೊಡುವುದಿಲ್ಲ, ನೀವೇ ಹುಡುಕಿಕೊಳ್ಳಿ.
ಬಾವಿ ನಿಮ್ಮದೇ ಎಂದು ಬರೆದುಕೊಟ್ಟು
ಹಗ್ಗ ಒಯ್ದವರ ಹಾಗೆ.

ಕಪಾಟು ತೆಗೆದೆವು. ಮಂಚದ ಕೆಳಗಿನ ಟ್ರಂಕು,
ಸತ್ತ ಪ್ರಿಂಟರಿನ ಹೊಟ್ಟೆ, ಲಕ್ಷ್ಮೀ ಫೋಟೋದ ಹಿಂದೆ.
ಆಗ ಮಸ್ತಾನಸಾಬ ಎದ್ದು ಹೋದ,
ಇಪ್ಪತ್ತಾರು ವರ್ಷ ಕಾಂಟಾ ತೂಗಿದವನು,
ಹೋದ ವರ್ಷ ಸೂಪರ್ವೈಸರ್ ಆಗಿ
ಎಸಿ ಕೋಣೆಯಲ್ಲಿ ಶಾಲು ಹೊದ್ದು ಕೂಡುವವನು.
ತೂಕದ ಹಳೆಯ ಖಾತೆಪುಸ್ತಕಗಳ ನಡುವಿಂದ
ಕರವಸ್ತ್ರದಲ್ಲಿ ಸುತ್ತಿದ ಡಿಸ್ಕು ತಂದಿಟ್ಟ.
ಮೇಲೆ ಅವನದೇ ಕೈಬರಹ: ಹನ್ನೆರಡು. ಚಾವಿ ನಂಬರು ಹಿಂದೆ.
"ಬಿಸಾಕು ಅಂದಿದ್ರಿ," ಅಂದ. "ಮನಸ್ಸು ಬರ್ಲಿಲ್ಲ."

ಹನ್ನೆರಡಕ್ಕೆ ಕಂಪನಿ ಮದ್ದು ಕಳಿಸುವುದನ್ನು ನಿಲ್ಲಿಸಿದೆ,
ಅದಕ್ಕೆ ಇಂಟರ್ನೆಟ್ಟಿನ ತಂತಿ ಕಿತ್ತಿಟ್ಟೆ.
ಇದನ್ನು ಸಾಹುಕಾರರಿಗೆ ಎರಡು ಸಲ ಹೇಳಿದೆ,
ಒಂದು ಸಲ ಬರೆದೂ ಕೊಟ್ಟೆ.
ಫೋನಿನೊಳಗಿನ ಯಂತ್ರದ ಹೆಂಗಸಿಗೆ
ಅಂಕಿಗಳನ್ನು ಗುಂಪು ಗುಂಪಾಗಿ ಓದಿಹೇಳುವಾಗ
ಲಾರಿಯವನೊಬ್ಬ ಹಾರ್ನ್ ಒತ್ತಿ
ಏಳನೆಯ ಗುಂಪು ತಪ್ಪಿಸಿದ. ಮತ್ತೆ ಮೊದಲಿಂದ.

ರಾತ್ರಿ ಒಂಬತ್ತೂವರೆಗೆ
ಹಸಿರು ಅಂಕಿ ಮೂಡಿತು: ಇಪ್ಪತ್ತನಾಲ್ಕು ಸಾವಿರದ ಮುನ್ನೂರ ಎಂಬತ್ತು.
ಅಂಗಳದಲ್ಲಿ ಯಾರೋ ಸಿಳ್ಳೆ ಹಾಕಿದರು.

ಮಸ್ತಾನಸಾಬ ನನ್ನ ಹತ್ತಿರ ಬಂದು, ಸಣ್ಣ ದನಿಯಲ್ಲಿ,
ಆದರೆ ಸಾಹುಕಾರರಿಗೆ ಕೇಳುವಷ್ಟು:
"ನನ್ನ ಪ್ರಮೋಷನ್ ಆರ್ಡರಿನಾಗೂ
ಇಂಥಾದೊಂದು ಕಲಮು ಅದೇನ್ ನೋಡ್ರೀ ಅಕ್ಕಾರ.
ಕಾಗದ ಮ್ಯಾಲಿಂದೇ ಇರ್ಲಿ. ಪಗಾರನೂ.
ಕುರ್ಚಿ ಮಾತ್ರ ಕಾಂಟಾದ್ದು."

ಸಾಹುಕಾರರು ಲಾರಿಯ ಟೈರು ನೋಡಿದರು.
"ನೋಡಣ," ಅಂದರು.

ಬಿಲ್ಲಿನಲ್ಲಿ ಬರೆದೆ: ಸರ್ವರ್, ಇಪ್ಪತ್ತೆರಡು, ಒಂದು.
ಕಾಗದ ಅದರದೇ ಅಲ್ಲವೆ.
ಸ್ಕೂಟಿ ತಿರುಗಿಸುವಾಗ ಕಿಟಕಿಯಲ್ಲಿ ಕಂಡದ್ದು:
ಕುರ್ಚಿಯಲ್ಲಿ ಹೊಸ ಹುಡುಗ,
ಅವನ ಹೆಗಲ ಮೇಲಿಂದ ಬಗ್ಗಿ ಮಸ್ತಾನಸಾಬ,
ಶಾಲು ಎಲ್ಲೋ ಬಿದ್ದಿದೆ,
ಬೆರಳು ಎಂಟನೆಯ ಗುಂಡಿಯ ಮೇಲೆ,
ಇನ್ನೂ ಒತ್ತದೆ.