ಎರಡು ಗೂಡು ಖಾಲಿ

ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಹಿಂದೆ
ಬೀಡಾ ಅಂಗಡಿಗೆ ಆತುಕೊಂಡ ನನ್ನ ಹತ್ತಡಿ ಅಂಗಡಿಗೆ
ಜಬೀವುಲ್ಲಾ ಬಂದ, ಗೂಡಿನ ಹರಾಜು ಮುಗಿದ ಮೇಲೆ,
ಕೈಯಲ್ಲಿ ರಬ್ಬರ್ ಬ್ಯಾಂಡು ಸುತ್ತಿದ ನೋಟಿನ ಕಟ್ಟು.
ನೋಟಿಗೂ ಬೆಂದ ಹುಳದ ವಾಸನೆ.

"ಅಕ್ಕ, ಗೇಮ್ ಆಡೋಕೆ ಪೀಸಿ ಬೇಕು.
ರ್‍ಯಾಮ್ ಅರವತ್ತನಾಲ್ಕು ಹಾಕಿಬಿಡು."

ಅರವತ್ತನಾಲ್ಕು!
ವಿದ್ಯೆ ಇರುವುದೂ ಅಷ್ಟೇ, ಚದುರಂಗದ ಮನೆಯೂ ಅಷ್ಟೇ.
ನನ್ನ ಕಪಾಟಿನಲ್ಲಿ ಹದಿನಾರರ ಕಡ್ಡಿ ಸರಿಯಾಗಿ ನಾಲ್ಕಿದ್ದವು,
ರೇಟು ಏರಿದಾಗ ತಂದವು, ಮೂರು ತಿಂಗಳಿಂದ ಯಾರೂ ಮುಟ್ಟದವು.
ಬಾಡಿಗೆ ಐದನೇ ತಾರೀಖಿಗೆ.
ಅವತ್ತು ಮೂರು.

"ಹದಿನಾರು ಸಾಕು" ಅಂದುಬಿಟ್ಟೆ. "ಎಂಟೆಂಟರದು ಎರಡು."
ಬಾಯಿಂದ ಬಿದ್ದ ಮೇಲೆ ನನಗೇ ಹೊಟ್ಟೆ ಉರಿಯಿತು.

ಅವನ ಮುಖ ಸಣ್ಣಗಾಯಿತು.
"ಯಾಕಕ್ಕ, ನನ್ ಹತ್ರ ದುಡ್ಡಿಲ್ಲ ಅಂತಾನಾ?"

ಕಡಿಮೆ ಕೊಳ್ಳು ಅನ್ನುವ ವ್ಯಾಪಾರಿಯನ್ನು ಯಾರು ನಂಬುತ್ತಾರೆ?
ಮೀಸೆ ಮೂಡುವ ಮೊದಲೇ ಹರಾಜಿಗೆ ನಿಂತವನು,
ಗೂಡನ್ನು ಕಿವಿಯ ಹತ್ತಿರ ಅಲುಗಿಸಿ
ಒಳಗೆ ಸತ್ತಿದೆಯೋ ಬದುಕಿದೆಯೋ ಹೇಳುವವನು,
ಈಗ ನನ್ನನ್ನು ಅಲುಗಿಸಿ ಕೇಳುತ್ತಿದ್ದ.

"ಚಂದ್ರಿಕೆ ಗೊತ್ತಲ್ಲ?" ಅಂದೆ.
"ಗೊತ್ತಿಲ್ದೆ!"

"ಅದೇ ರ್‍ಯಾಮು.
ತೋಟ ಬೇರೆ, ಸೊಪ್ಪಿನ ಕೋಣೆ ಬೇರೆ, ಅವೆಲ್ಲ ಡಿಸ್ಕಿನ ಲೆಕ್ಕ.
ಈ ಹೊತ್ತು ಹಣ್ಣಾಗಿ ನೂಲು ಬಿಡುತ್ತಿರುವ ಹುಳಕ್ಕೆ ಮಾತ್ರ ಇಲ್ಲಿ ಜಾಗ.
ಎಂಟರಲ್ಲಿ ತುರುಕಿದರೆ ಒಂದರ ಮೇಲೊಂದು ಬಿದ್ದು
ಜೋಡಿಗೂಡು ಕಟ್ಟುತ್ತವೆ, ನಿನಗೇ ಗೊತ್ತು, ಎಳೆ ಬಿಚ್ಚಲ್ಲ.
ಆಟದಲ್ಲೂ ಹಾಗೇ. ನೀನು ಗುರಿಯಿಟ್ಟಾಗಲೇ ಪರದೆ ತೊದಲುತ್ತದೆ.
ಅರವತ್ತನಾಲ್ಕು ಅಂದರೆ
ಒಂದು ತಟ್ಟೆ ಹುಳಕ್ಕೆ ಅಂಗಳ ತುಂಬ ಚಂದ್ರಿಕೆ ಒರಗಿಸಿದ ಹಾಗೆ.
ಜಾಗ ಹೆಚ್ಚಾಯಿತೆಂದು ಹುಳ ದಪ್ಪ ಗೂಡು ಕಟ್ಟುತ್ತದಾ?"

ಇದು ನನ್ನ ಒಳ್ಳೆಯತನವಲ್ಲ.
ಮೇಲೂರಿನಲ್ಲಿ ನಮ್ಮಮ್ಮ ಹುಳ ಬಿಡುತ್ತಿದ್ದ ಕೈ ನೆನಪಾಗಿ
ಮಾತು ತಾನೇ ಹೊರಟುಬಿಟ್ಟಿತ್ತು. ವಾಪಸ್ ಹಿಡಿಯಲು ಆಗಲಿಲ್ಲ.

"ನಾಳೆ ದೊಡ್ಡ ಗೇಮ್ ಬಂದ್ರೆ? ಆಟ ರೆಕಾರ್ಡ್ ಮಾಡ್ಬೇಕು ಅನ್ಸಿದ್ರೆ?"
"ಆವಾಗ ಮೂವತ್ತೆರಡು. ಎರಡು ಗೂಡು ಖಾಲಿ ಇರುತ್ತೆ.
ಉಳಿದ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ ಹಾಕು, ಒಂದು ಯುಪಿಎಸ್ಸಿಗೆ ಹಾಕು.
ಕರೆಂಟು ಹೋದರೆ ಹದಿನಾರೂ ಅರವತ್ತನಾಲ್ಕೂ ಒಂದೇ:
ಸೊನ್ನೆ."

ಆದರೂ ನಂಬಿಕೆ ಬರಲಿಲ್ಲ.
ಮೇಜಿನ ಮೇಲಿದ್ದ ಯಂತ್ರದಲ್ಲಿ ಅವನ ಆಟವನ್ನೇ ತೆರೆದೆ,
ಮೂಲೆಯಲ್ಲಿ ಅಂಕಿ ಕಾಣುವಂತೆ ಇಟ್ಟೆ.
ಒಂಬತ್ತು. ಹತ್ತೂಮುಕ್ಕಾಲು. ಹನ್ನೊಂದೂವರೆ.
ಮಾರುಕಟ್ಟೆಯ ತಕ್ಕಡಿಯ ಮುಳ್ಳು ನೋಡಿದ ಹಾಗೆ ನೋಡುತ್ತಿದ್ದ.
ಮಹಡಿಯ ಮೇಲಿಂದ ಯಾರೋ ಗುಂಡು ಹಾರಿಸಿದರು.
ಆಮೇಲೆ ಅಂಕಿಯನ್ನು ನಾನೊಬ್ಬಳೇ ನೋಡಿದ್ದು.
ಹನ್ನೆರಡು ಮುಟ್ಟಿ ಅಲ್ಲೇ ನಿಂತಿತು.
ಚಿಂತಾಮಣಿ ಬಸ್ಸು ಎರಡು ಬಂದು ಹೋದವು.

ನೋಟು ಎಣಿಸಿ ಕೊಟ್ಟ. ಎರಡನೆಯದಕ್ಕೆ ಒಂದು, ನಾಲ್ಕನೆಯದಕ್ಕೆ ಒಂದು
ಕಡ್ಡಿ ಒತ್ತಿದಾಗ ಟಕ್ ಅಂದದ್ದು ಕೇಳಿ
"ಇಷ್ಟೇನಾ?" ಅಂದ.

ಬಾಡಿಗೆ ಎಂಟನೇ ತಾರೀಖು ಕೊಟ್ಟೆ, ಮಾತು ಕೇಳಿ.

ತಿಂಗಳಾದ ಮೇಲೆ ಪೆಟ್ಟಿಗೆ ಹೊತ್ತು ಬಂದ. "ನಿಂತು ನಿಂತು ಓಡ್ತದೆ.
ನಾನ್ ಆವತ್ತೇ ಹೇಳಿದ್ದೆ, ಅರವತ್ತನಾಲ್ಕು ಅಂತ."
ಪಕ್ಕೆಯ ತಗಡು ತೆಗೆದೆ.
ಫ್ಯಾನಿನ ಬಾಯಿ ತುಂಬ ರೇಷ್ಮೆಯ ತುಪ್ಪುಳ,
ಅವರ ಮನೆಯ ನೂಲಿನ ಕೋಣೆಯಿಂದ ಹಾರಿ ಬಂದದ್ದು,
ಬಿಳಿ, ಮೆತ್ತಗೆ,
ಉಸಿರಾಡಲಾಗದೆ ಕಾದಿತ್ತು ಯಂತ್ರ.
ಬ್ರಶ್ಶಿನಲ್ಲಿ ಕೆರೆದೆ, ಊದಿದೆ, ಮತ್ತೆ ಆಟ ಹಚ್ಚಿದೆ.

ಹನ್ನೊಂದೂವರೆ.

ಅವನು ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.
ತುಪ್ಪುಳವನ್ನು ಉಂಡೆ ಮಾಡಿ ಜೇಬಿಗೆ ಹಾಕಿಕೊಂಡ,
ಅದಕ್ಕೂ ರೇಟಿದೆ ಎಂಬ ಹಾಗೆ.
ನನ್ನ ನಾಲ್ಕು ಕಡ್ಡಿ ಇನ್ನೂ ಕಪಾಟಿನಲ್ಲೇ ಇವೆ.