ನಾಲ್ಕನೆಯ ಕುರ್ಚಿ

ಮಂಗಳವಾರ, ಗುರುವಾರ, ಶನಿವಾರ
ಬೆಳಗಿನ ಐದೂಕಾಲಿಗೆ ನಾನು ಯಂತ್ರಗಳನ್ನು ಎಬ್ಬಿಸುತ್ತೇನೆ.
ಚಾಟನೂಗಾದ ಟೈರ್ ಅಂಗಡಿಯ ಪಕ್ಕದಲ್ಲಿ
ಒಂಬತ್ತು ಕುರ್ಚಿ, ಒಂಬತ್ತು ಜೊತೆ ಸೋತ ಮೂತ್ರಪಿಂಡ.
ರಕ್ತ ಹೊರಗೆ ಹೋಗಿ ತೊಳೆದುಕೊಂಡು ಬರಲು
ನಾಲ್ಕು ಗಂಟೆ. ಅಷ್ಟು ಹೊತ್ತು
ಮನುಷ್ಯ ಏನಾದರೂ ಆಡಿಕೊಳ್ಳಲೇಬೇಕಲ್ಲ.

ಇವರದು ಒಂದೇ ವ್ಯಾಜ್ಯ:
ಕುಸ್ತಿ ಕಂಡ ಲೋಕದಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು?

‘ಜೌಗಿನ ಬಿಷಪ್, ಮತ್ಯಾರು?’
ಲಾರಿ ಓಡಿಸುತ್ತಿದ್ದ ಓಡೆಲ್ ಪಿಕಾರ್ಡ್
ಕೊಳವೆಯಿಲ್ಲದ ಕೈಯಿಂದ ಕುರ್ಚಿ ಗುದ್ದುತ್ತಾನೆ.
‘ಅವನು ಮೊಣಕೈ ಎತ್ತಿದನೆಂದರೆ
ಅಮ್ಮಂದಿರು ಮಕ್ಕಳ ಕಣ್ಣು ಮುಚ್ಚುತ್ತಿದ್ದರು.’

‘ಥೂ,’ ವರ್ನೀಸ್, ಮಂಜಿನ ಚೂರು ಕಡಿಯುತ್ತ,
‘ಡ್ಯೂಕ್ ಲ್ಯಾವೆಂಡರ್. ಮೈಗೆಲ್ಲ ಅತ್ತರು ಸುರಿದುಕೊಂಡು ಬರುತ್ತಿದ್ದ, ಪಾಪಿ.
ಶಾಲೆಯಲ್ಲಿ ಆರು ನೂರು ಮಕ್ಕಳಿಗೆ ಬೇಯಿಸಿ ಹಾಕಿ
ಅವನನ್ನು ದ್ವೇಷಿಸಲೆಂದೇ ದುಡ್ಡು ಕೂಡಿಡುತ್ತಿದ್ದೆ.
ಅಷ್ಟು ಆಸೆಯಿಂದ ಬೈಸಿಕೊಳ್ಳುವುದು
ಎಲ್ಲರ ಕೈಲಿ ಆಗುತ್ತದಾ?’

ಏಳನೆಯ ಕುರ್ಚಿಯ ಮಾರ್ಕೆಲ್‌ಗೆ ಇಪ್ಪತ್ತಾರು.
ಫೋನು ನೋಡಿ ಓದುತ್ತಾನೆ: ಎಷ್ಟು ಪಟ್ಟ, ಎಷ್ಟು ದಿನ, ಎಷ್ಟು ಗೆಲುವು.
‘ಅಂಕಿ ನಿನ್ನ ಬ್ಯಾಂಕಿಗೆ ಹೇಳು, ಮಗೂ.’
ಓಡೆಲ್‌ನ ಪರದೆ ಕೂಗುತ್ತದೆ.
ನಾನು ಓಡಿ ಹೋಗಿ,
‘ಬಿಷಪ್‌ನನ್ನು ಸ್ವಲ್ಪ ಕೆಳಗಿಳಿಸಿ ಸ್ವಾಮಿ,
ನಿಮ್ಮ ಬಿ.ಪಿ. ನೂರಾ ತೊಂಬತ್ತು.’

ನಾಲ್ಕನೆಯ ಕುರ್ಚಿ ಮಾತಾಡುವುದಿಲ್ಲ.
ಹರ್ಷೆಲ್ ಸ್ಟಿನ್ನೆಟ್. ಕಂಬಳಿ ಗಲ್ಲದವರೆಗೆ.
ಕಿವಿಗಳು ಮಾತ್ರ, ನಾದಿ ಮರೆತು ಒಣಗಿಸಿದ ಹಿಟ್ಟಿನ ಮುದ್ದೆ.

ಕಳೆದ ಜುಲೈಯಲ್ಲಿ ಕರೆಂಟು ಹೋದಾಗ
ಅವನ ರಕ್ತವನ್ನು ನಾನು ಹಿಡಿಕೆಯಿಂದ, ಕೈಯಾರೆ ತಿರುಗಿಸುತ್ತಿದ್ದೆ.
ಕತ್ತಲೆಯಲ್ಲಿ ಅಷ್ಟು ಹತ್ತಿರ ಕೂತವರಿಗೆ
ಗುಟ್ಟು ಹೇಳದೆ ಇರಲಾಗುವುದಿಲ್ಲವೇನೋ.
ಹನ್ನೊಂದು ವರ್ಷ ಸೋತನಂತೆ.
ರಾತ್ರಿಗೆ ನಲವತ್ತು ಡಾಲರು, ಊರಿಗೊಂದು ಹೆಸರು.
‘ಬಿಷಪ್‌ನ ಮೊಣಕೈಯಾ? ಅಯ್ಯೋ,
ಮಲಗಿದ ಕೂಸಿಗೆ ಹೊದಿಕೆ ಸರಿಮಾಡಿದ ಹಾಗೆ.
ಸದ್ದು ನನ್ನದು. ಹಲಗೆಗೆ ಹಿಮ್ಮಡಿ ಒದೆಯುತ್ತಿದ್ದೆ.’

ಇವತ್ತು ಓಡೆಲ್‌ಗೆ ಆ ಕಿವಿ ಕಂಡವು.
‘ನೀನು ಅಖಾಡದವನಾ?’
‘ಸ್ವಲ್ಪ ಕಾಲ.’
‘ಬಿಷಪ್ ಜೊತೆ?’
‘ಮೇಕನ್‌ನಲ್ಲಿ. ಒಮ್ಮೆ.’
‘ಮೊಣಕೈ?’

ವರ್ನೀಸ್‌ಳ ಬಾಯಲ್ಲಿ ಮಂಜು ಕಡಿಯುವುದು ನಿಂತಿತು.
ಮಾರ್ಕೆಲ್ ಫೋನು ಬೋರಲು ಹಾಕಿದ.
ಒಂಬತ್ತು ಪಂಪುಗಳು ಮಾತ್ರ
ತಮ್ಮ ಪಾಡಿಗೆ ತಾವು, ಸುತ್ತಿ ಸುತ್ತಿ.

ಹರ್ಷೆಲ್ ನನ್ನ ಕಡೆ ನೋಡಲಿಲ್ಲ.
ಬಲಗೈಯನ್ನು ಮೆಲ್ಲಗೆ, ಬಹಳ ಮೆಲ್ಲಗೆ,
ಎಡಪಕ್ಕೆಯ ಮೇಲಿಟ್ಟುಕೊಂಡು, ಉಸಿರನ್ನು ಅರ್ಧಕ್ಕೇ ಹಿಡಿದು
ಹೇಳಿದ: ‘ಮಳೆ ಬರುವ ಹಿಂದಿನ ದಿನ
ಈಗಲೂ ನೆನಪು ಮಾಡುತ್ತದೆ.’

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವವರುಂಟು.
ಈತ ಮೀಸೆಗೆ ಮಣ್ಣು ಮೆತ್ತಿಕೊಳ್ಳುವುದನ್ನೇ
ಕಸುಬೆಂದು ಕಲಿತವನು.
ಓಡೆಲ್ ಹಿಂದಕ್ಕೊರಗಿ ಕಣ್ಣು ಮುಚ್ಚಿದ,
ಹಬ್ಬದೂಟ ಮುಗಿಸಿದವನಂತೆ.
ಪರದೆಯಲ್ಲಿ ನೂರಾ ನಲವತ್ತೆರಡು.

ಹತ್ತು ಗಂಟೆಗೆ ಸೂಜಿ ತೆಗೆದು, ಗಾಯ ಒತ್ತಿ ಹಿಡಿದು,
ಅವನ ತೋಳಿನ ಉಬ್ಬಿದ ನರಕ್ಕೆ ಸ್ಟೆತಾಸ್ಕೋಪು ಇಟ್ಟೆ.
ರೂಢಿಯ ಪರೀಕ್ಷೆ. ಒಳಗೆ ಎಂದಿನ ಸದ್ದೇ:
ಹಜಾರವೊಂದರ ಹೊರಗೆ ನಿಂತವರಿಗೆ, ಮುಚ್ಚಿದ ಬಾಗಿಲಾಚೆ
ಐದು ಸಾವಿರ ಮಂದಿ ಒಟ್ಟಿಗೆ ಕಿರುಚಿದರೆ ಕೇಳುವಂಥದು.

ಎದ್ದ. ಎಡಕ್ಕೆ ಕುಂಟಿದ.
ಇಷ್ಟು ದಿನ ಕುಂಟದವನು.
‘ನೋಡಿದೆಯಾ?’ ಎಂದ ಓಡೆಲ್ ಮಾರ್ಕೆಲ್‌ಗೆ,
‘ಇದನ್ನು ಬರೆದಿದೆಯಾ ನಿನ್ನ ಫೋನಿನಲ್ಲಿ?’

ಕಸದ ಚೀಲ ಎಸೆಯಲು ಹಿಂಬಾಗಿಲಿಂದ ಹೋದೆ.
ಟೈರುಗಳ ರಾಶಿಯಾಚೆ
ಹರ್ಷೆಲ್ ನೆಟ್ಟಗೆ, ಕಾರಿನ ಬೀಗದಕೈ ಆಡಿಸುತ್ತ ನಡೆದಿದ್ದ.
ಚೀಲದ ಸದ್ದಿಗೆ ತಿರುಗಿದ.
ನನ್ನನ್ನು ಕಂಡು
ಕೈಯನ್ನು ಮತ್ತೆ ಪಕ್ಕೆಗೆ ಇಟ್ಟುಕೊಂಡ.